ಗುಡ್ಡವಿಲ್ಲದ ಊರಿನಲ್ಲಿ ಏರುದಾರಿಯ ಅಭ್ಯಾಸ

ವಿಜಯಪುರದ ಓದುಗರೊಬ್ಬರು ತಮ್ಮ ಮಗಳ ಬಗ್ಗೆ ಬರೆದಿದ್ದಾರೆ. ಪಿ.ಯು.ಸಿ. ಓದುತ್ತಿರುವ ಹುಡುಗಿ ಮೂರು ವರ್ಷಗಳಿಂದ ಸೈಕ್ಲಿಂಗ್ ಅಭ್ಯಾಸ ಮಾಡುತ್ತಿದ್ದಾಳೆ. ಸಮತಟ್ಟು ರಸ್ತೆಯಲ್ಲಿ ಅವಳನ್ನು ಹಿಂದೆ ಹಾಕುವವರು ಕಡಿಮೆ. ಆದರೆ ಘಟ್ಟದ ರಸ್ತೆಯಿರುವ ಸ್ಪರ್ಧೆಗೆ ಹೋದಾಗಲೆಲ್ಲ ಮೊದಲ ಏರಿನಲ್ಲೇ ಏದುಸಿರು ಬಂದು ಹಿಂದೆ ಬೀಳುತ್ತಾಳೆ. ಊರ ಸುತ್ತ ಗುಡ್ಡವೇ ಇಲ್ಲದಿರುವಾಗ ಅಭ್ಯಾಸ ಎಲ್ಲಿ ಮಾಡಿಸಬೇಕು, ಅಥವಾ ಅವಳ ಶರೀರವೇ ಇದಕ್ಕೆ ತಕ್ಕುದಲ್ಲವೇ ಎಂಬುದು ಆ ತಂದೆಯ ಪ್ರಶ್ನೆ.

ಪ್ರಶ್ನೆ ಒಂದೇ ಮನೆಯದಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ದಶಕಗಳಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟ ನೆಲ. ಈಚೆಗೆ ನಲವತ್ತು ದಾಟಿದ ಗೃಹಸ್ಥರೂ ಬೆಳಗಿನ ಹೊತ್ತು ಸೈಕಲ್ ಏರುತ್ತಿದ್ದಾರೆ. ಗೆಳೆಯರ ಜತೆ ನಂದಿಬೆಟ್ಟಕ್ಕೋ ಆಗುಂಬೆಗೋ ಹೋಗಿಬರುವ ಆಸೆ ಇಟ್ಟುಕೊಂಡವರೂ ಇದ್ದಾರೆ. ಬಯಲಿನಲ್ಲಿ ದಿನಕ್ಕೆ 40 ಕಿ.ಮೀ. ತುಳಿಯುತ್ತೇನೆ, ಬೆಟ್ಟ ಯಾವ ಲೆಕ್ಕ ಎಂದು ಹೊರಡುವ ಇವರ ಬಗ್ಗೆ ವೈದ್ಯರಿಗೆ ಆ ಹುಡುಗಿಗಿಂತಲೂ ಹೆಚ್ಚು ಚಿಂತೆ.

ಬಯಲಿನ ಬಲ ಬೆಟ್ಟದಲ್ಲೇಕೆ ಸಾಲದು?

ಸಮತಟ್ಟು ರಸ್ತೆಯಲ್ಲಿ ಸೈಕಲ್ ಸವಾರನ ಮುಖ್ಯ ಎದುರಾಳಿ ಗಾಳಿ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸಾಗುವಾಗ ಶರೀರ ಖರ್ಚು ಮಾಡುವ ಬಲದ ಹೆಚ್ಚಿನ ಪಾಲು ಗಾಳಿಯನ್ನು ಸೀಳಲು, ಉಳಿದದ್ದು ಟೈರು-ರಸ್ತೆಗಳ ತಿಕ್ಕಾಟಕ್ಕೆ ಹೋಗುತ್ತದೆ. ಏರಿನಲ್ಲಿ ಲೆಕ್ಕ ಬೇರೆ. ಅಲ್ಲಿ ನಮ್ಮ ತೂಕವನ್ನೂ ಸೈಕಲ್ಲಿನ ತೂಕವನ್ನೂ ಮೇಲಕ್ಕೆತ್ತಬೇಕು. 70 ಕಿಲೋ ತೂಕದ ವ್ಯಕ್ತಿ 10 ಕಿಲೋ ಸೈಕಲ್ಲಿನಲ್ಲಿ ಶೇಕಡಾ 6ರ ಏರನ್ನು, ಅಂದರೆ ಪ್ರತಿ 100 ಮೀಟರಿಗೆ 6 ಮೀಟರ್ ಎತ್ತರ ಏರುವ ರಸ್ತೆಯನ್ನು, ಗಂಟೆಗೆ ಬರೀ 12 ಕಿ.ಮೀ. ವೇಗದಲ್ಲಿ ಹತ್ತಿದರೂ ಸಮತಟ್ಟಿನಲ್ಲಿ 20 ಕಿ.ಮೀ. ವೇಗಕ್ಕೆ ಬೇಕಾದುದರ ಎರಡು ಪಟ್ಟಿಗೂ ಮಿಕ್ಕಿ ಶ್ರಮ ಬೇಕಾಗುತ್ತದೆ.

ಇನ್ನೊಂದು ವ್ಯತ್ಯಾಸವನ್ನು ಹಲವರು ಗಮನಿಸುವುದಿಲ್ಲ. ಬಯಲಿನಲ್ಲಿ ದಣಿವಾದರೆ ಪೆಡಲ್ ತುಳಿಯುವುದನ್ನು ನಿಲ್ಲಿಸಿದರೂ ಸೈಕಲ್ ಒಂದಷ್ಟು ದೂರ ತಾನಾಗಿ ಉರುಳುತ್ತದೆ. ಒಂದು ಗಂಟೆಯ ಸವಾರಿಯಲ್ಲಿ ಹೀಗೆ ಕದ್ದುಕೊಳ್ಳುವ ವಿಶ್ರಾಂತಿ ಎಷ್ಟೋ ನಿಮಿಷಗಳಾಗುತ್ತದೆ. ಏರಿನಲ್ಲಿ ಈ ಸೌಲಭ್ಯ ಇಲ್ಲ. ಕಾಲು ನಿಂತರೆ ಸೈಕಲ್ಲೂ ನಿಂತಿತು. ನಂದಿಬೆಟ್ಟದ ಏಳೆಂಟು ಕಿಲೋಮೀಟರ್ ಏರಿಗೆ ಸಾಮಾನ್ಯ ಸವಾರನಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟು ಹೊತ್ತೂ ಹೃದಯ, ಶ್ವಾಸಕೋಶ, ತೊಡೆಯ ಮಾಂಸಖಂಡಗಳಿಗೆ ಬಿಡುವೇ ಇರುವುದಿಲ್ಲ. ಶರೀರಕ್ಕೆ ರೂಢಿ ಮಾಡಿಸಬೇಕಾದದ್ದು ಈ ಬಿಡುವಿಲ್ಲದ ದುಡಿಮೆಯನ್ನು. ಇಷ್ಟು ಅರ್ಥವಾದರೆ ಗುಡ್ಡವಿಲ್ಲದ ಊರಿನಲ್ಲೂ ಅಭ್ಯಾಸದ ದಾರಿ ಕಾಣುತ್ತದೆ.

ನೆದರ್ಲೆಂಡ್ಸ್ ನಮ್ಮ ಬಯಲುಸೀಮೆಗಿಂತ ಚಪ್ಪಟೆಯಾದ ದೇಶ. ಯೂರೋಪಿನಲ್ಲಿರುವ ಅದರ ಭೂಭಾಗದ ಅತಿ ಎತ್ತರದ ಜಾಗ ವಾಲ್ಸರ್‌ಬರ್ಗ್, ಅದೂ 322 ಮೀಟರ್ ಮಾತ್ರ. ಆದರೂ ಟೂರ್ ದ ಫ್ರಾನ್ಸ್ ಸ್ಪರ್ಧೆಯ ಹೆಸರಾಂತ ಏರಾದ ಆಲ್ಪ್ ದುಯೆಜ್‌ನಲ್ಲಿ, 21 ತಿರುವುಗಳ ಆ 13.8 ಕಿ.ಮೀ. ದಾರಿಯ ಕೊನೆಯಲ್ಲಿ, 1976ರಿಂದ 1989ರ ನಡುವೆ ಡಚ್ ಸವಾರರು ಎಂಟು ಸಲ ಗೆದ್ದರು. ಹುಟ್ಟಿದ ಊರು ಬಯಲಾದರೆ ಶರೀರ ಬೆಟ್ಟಕ್ಕೆ ಒಗ್ಗದು ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಏರನ್ನು ಹುಡುಕುವುದು ಹೇಗೆ?

ಬಯಲುಸೀಮೆಯಲ್ಲಿ ತಲೆ ಎತ್ತಿ ಗುಡ್ಡ ಹುಡುಕಿದರೆ ನಿರಾಸೆಯೇ ಸರಿ. ತಲೆ ತಗ್ಗಿಸಿ ನೀರು ಹರಿಯುವ ದಿಕ್ಕನ್ನು ಹುಡುಕಬೇಕು. ಹೊಳೆ, ಹಳ್ಳಗಳು ಸಾವಿರಾರು ವರ್ಷಗಳಿಂದ ನೆಲವನ್ನು ಕೊರೆದಿರುತ್ತವೆ. ಹಳ್ಳಕ್ಕೆ ಇಳಿದ ರಸ್ತೆ ಆಚೆಗೆ ಏರಲೇಬೇಕು. ವಿಜಯಪುರ ನಗರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಆಲಮಟ್ಟಿ ಜಲಾಶಯ ಭರ್ತಿಯಾದಾಗ ಕೃಷ್ಣೆಯ ನೀರಿನ ಮಟ್ಟ 519.6 ಮೀಟರ್. ಅಂದರೆ ಊರಿನಿಂದ ಕೋಲ್ಹಾರದ ಕಡೆ ಹೊಳೆದಂಡೆಗೆ ಹೋಗುವಷ್ಟರಲ್ಲಿ 80 ಮೀಟರಿನಷ್ಟು ಇಳಿದಿರುತ್ತೇವೆ. ಈ ಇಳಿತ ದಾರಿಯುದ್ದಕ್ಕೂ ಸಮನಾಗಿ ಹಂಚಿಹೋಗಿದ್ದರೆ ಕಾಲಿಗೆ ಗೊತ್ತೂ ಆಗುವುದಿಲ್ಲ. ಆದರೆ ನೆಲ ಹಾಗಿರುವುದಿಲ್ಲ. ಮೈಲುಗಟ್ಟಲೆ ಚಪ್ಪಟೆಯಾಗಿದ್ದು ಹಳ್ಳ ಬಂದ ಕಡೆ ಒಮ್ಮೆಗೇ ಇಳಿಯುತ್ತದೆ. ಅಂತಹ ಜಾಗಗಳೇ ನಮಗೆ ಬೇಕಾದವು. ದೊಡ್ಡ ಹೆದ್ದಾರಿಗಳಲ್ಲಿ ತಗ್ಗು ತುಂಬಿಸಿ, ದಿನ್ನೆ ಕಡಿದು ಏರನ್ನು ಸವರಿಬಿಟ್ಟಿರುತ್ತಾರೆ. ಪಕ್ಕದ ಹಳ್ಳಿಯ ರಸ್ತೆಗಳಲ್ಲಿ ಅದು ಹಾಗೇ ಉಳಿದಿರುತ್ತದೆ, ಲಾರಿಗಳ ಕಾಟವೂ ಕಡಿಮೆ. (ಕೋಲ್ಹಾರದವರೆಗೆ ಹೋದವರು ಅಲ್ಲಿನ ಗಟ್ಟಿ ಮೊಸರನ್ನು ವಾಪಸು ಏರು ಹತ್ತಿದ ಮೇಲೆ ನೆನೆಸಿಕೊಳ್ಳುವುದು ಒಳ್ಳೆಯದು, ಹೊಟ್ಟೆ ತುಂಬಿಕೊಂಡು ಏರು ಹತ್ತಲಾಗದು.)

ಕಾಲುವೆಯ ದಂಡೆಯ ರಸ್ತೆಗಳಲ್ಲಿ ಏರು ಹುಡುಕಬೇಡಿ. ನೀರು ನಿಧಾನವಾಗಿ ಹರಿಯಲೆಂದು ಕಾಲುವೆಯನ್ನು ನೆಲದ ಒಂದೇ ಮಟ್ಟ ಹಿಡಿದು ತೋಡಿರುತ್ತಾರೆ. ರೈಲು ಹಳಿಯ ಪಕ್ಕದ ರಸ್ತೆಯೂ ಹಾಗೆಯೇ, ರೈಲಿಗೆ ಕಡಿದಾದ ಏರು ಆಗದು. ಕಾಲುವೆಯನ್ನೋ ಹಳಿಯನ್ನೋ ಅಡ್ಡ ದಾಟಿ ಹೋಗುವ ರಸ್ತೆಗಳು ಮಾತ್ರ ನೋಡಲು ಯೋಗ್ಯ.

ಭಾರತೀಯ ಸರ್ವೇಕ್ಷಣಾ ಇಲಾಖೆಯ ಭೂನಕ್ಷೆಗಳನ್ನು ಓದಲು ಮಕ್ಕಳಿಗೆ ಕಲಿಸಿದರೆ ಈ ಕೆಲಸ ಅರ್ಧ ಮುಗಿದಂತೆ. ಭೂಗೋಳದ ಪಾಠದಲ್ಲಿ ಬರುವ ಸಮೋನ್ನತಿ ರೇಖೆಗಳು ಪರೀಕ್ಷೆಗಷ್ಟೇ ಅಲ್ಲ. 1:50,000 ಪ್ರಮಾಣದ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಇಂತಹ ನಕ್ಷೆಗಳಲ್ಲಿ ಸಾಮಾನ್ಯವಾಗಿ ಒಂದು ರೇಖೆಯಿಂದ ಮುಂದಿನದಕ್ಕೆ 20 ಮೀಟರ್ ಎತ್ತರದ ಅಂತರ. ಎರಡು ರೇಖೆಗಳ ನಡುವೆ ರಸ್ತೆ ಒಂದು ಸೆಂಟಿಮೀಟರ್ ಉದ್ದವಿದ್ದರೆ ಅಲ್ಲಿ ಶೇಕಡಾ 4ರ ಏರು ಇದೆ ಎಂದರ್ಥ. ಅರ್ಧ ಸೆಂಟಿಮೀಟರ್ ಇದ್ದರೆ ಶೇಕಡಾ 8. ರಸ್ತೆಯ ಗೆರೆ ಈ ರೇಖೆಗಳನ್ನು ಕತ್ತರಿಸಿ ಹೋಗಬೇಕು, ಅವುಗಳ ಜತೆಜತೆಗೇ ಸಾಗಿದರೆ ಅದು ಸಮತಟ್ಟು ದಾರಿ. ಈಗ ಮೊಬೈಲ್ ಫೋನಿನ ಸೈಕಲ್ ನಕ್ಷೆಗಳೂ ಏರಿಳಿತವನ್ನು ತೋರಿಸುತ್ತವೆ. ಆದರೆ ಸೇತುವೆ, ಸಣ್ಣ ಹಳ್ಳಗಳ ಬಳಿ ಅವುಗಳ ಲೆಕ್ಕ ಎಡವುವುದುಂಟು. ಒಮ್ಮೆ ಹೋಗಿ ನೋಡಿದ ಮೇಲೆಯೇ ನಂಬುವುದು ಕ್ಷೇಮ.

ನಕ್ಷೆ ಸಿಗದವರಿಗೆ ಊರ ಹೆಸರುಗಳೇ ನಕ್ಷೆ. ದಿನ್ನಿ, ಮಟ್ಟಿ, ಗುಡ್ಡ ಎಂದು ಕೊನೆಯಾಗುವ ಹೆಸರಿನ ಊರು ಸುತ್ತಲಿನ ನೆಲಕ್ಕಿಂತ ಮೇಲಿರುವ ಸಂಭವ ಹೆಚ್ಚು. ಕೊಳ್ಳ ಎಂದರೆ ಎರಡು ದಿಬ್ಬಗಳ ನಡುವಿನ ಆಳ. ಐಹೊಳೆಯ ಸಮೀಪದ ಸಿದ್ಧನಕೊಳ್ಳವನ್ನು ನೋಡಿದವರಿಗೆ ಇದು ಗೊತ್ತು. ಇನ್ನು ಬಾಯಿಮಾತಿನಲ್ಲಿ ಕೇಳುವುದಾದರೆ ಕಬ್ಬು ಹೇರುವ ಟ್ರ್ಯಾಕ್ಟರ್ ಚಾಲಕರನ್ನು ಕೇಳಿ. ಎರಡು ಟ್ರೇಲರ್ ಎಳೆಯುವಾಗ ಎಲ್ಲಿ ಗೇರ್ ಇಳಿಸಬೇಕಾಗುತ್ತದೆ ಎಂಬುದು ಅವರಿಗೆ ಬಾಯಿಪಾಠ. ಎಂಜಿನ್ನಿಗೆ ಏದುಸಿರು ಬರುವ ಕಡೆ ನಿಮಗೂ ಬರುತ್ತದೆ.

ಒಂದು ಕಿಲೋಮೀಟರ್ ಉದ್ದದ, ಶೇಕಡಾ 4ರಷ್ಟಿನ ಒಂದೇ ಒಂದು ಏರು ಸಿಕ್ಕರೂ ಸಾಕು. ಒಂದು ಸಲ ಹತ್ತಿದರೆ 40 ಮೀಟರ್, ಹತ್ತು ಸಲ ಹತ್ತಿಳಿದರೆ 400 ಮೀಟರ್. ಅಷ್ಟಾದರೆ ನಂದಿಬೆಟ್ಟದ ದಾರಿಯ ಏರಿನ ಹತ್ತಿರಕ್ಕೆ ಬಂದಂತೆ. ಮೊದಲ ವಾರವೇ ಹತ್ತು ಸಲ ಬೇಡ. ಮೂರರಿಂದ ಆರಂಭಿಸಿ ವಾರಕ್ಕೊಂದು ಹೆಚ್ಚಿಸುತ್ತಾ ಹೋದರೆ ಎರಡು ತಿಂಗಳಲ್ಲಿ ಅಲ್ಲಿಗೆ ತಲುಪಬಹುದು. ಇದು ವಾರಕ್ಕೆ ಎರಡು ದಿನ ಮಾತ್ರ, ನಡುವೆ ಕನಿಷ್ಠ ಎರಡು ದಿನದ ಬಿಡುವಿರಲಿ. ಮಾಂಸಖಂಡ ಬಲಗೊಳ್ಳುವುದು ಬಿಡುವಿನ ದಿನಗಳಲ್ಲೇ.

ರೈಲ್ವೆ ಮೇಲ್ಸೇತುವೆಯನ್ನೇ ಗುಡ್ಡ ಮಾಡಿಕೊಂಡು ಹತ್ತಿಳಿಯುವವರಿದ್ದಾರೆ. ಹೆಚ್ಚಿನ ಸೇತುವೆಗಳ ಏರು ಶೇಕಡಾ 3ರ ಆಸುಪಾಸಿನದು, ಎರಡು ಮೂರು ನೂರು ಮೀಟರಿನಲ್ಲಿ ಮುಗಿದುಹೋಗುತ್ತದೆ. ಭಾನುವಾರ ಬೆಳಗಿನ ಜಾವ ಒಂದಿಬ್ಬರು ಜತೆಗಿದ್ದರೆ ಅಡ್ಡಿಯಿಲ್ಲ. ವಾಹನ ಓಡಾಡುವ ಹೊತ್ತಿನಲ್ಲಿ ಸೇತುವೆಯ ಮೇಲೆ ತಿರುಗಿಸುವುದು ಪ್ರಾಣದ ಜತೆ ಆಟ, ಅದನ್ನು ಮಕ್ಕಳಿಗೆ ಹೇಳಿಕೊಡಬೇಡಿ.

ತಿಂಗಳಿಗೊಮ್ಮೆಯಾದರೂ ನಿಜವಾದ ಏರು ಬೇಕು. ಸವದತ್ತಿಯಿಂದ ಯಲ್ಲಮ್ಮನ ಗುಡ್ಡಕ್ಕೆ ಹತ್ತುವ ರಸ್ತೆ, ಬಾದಾಮಿ-ಗುಳೇದಗುಡ್ಡದ ಮರಳುಗಲ್ಲಿನ ಗುಡ್ಡಗಳ ಸುತ್ತಲಿನ ರಸ್ತೆಗಳು ಬಯಲುಸೀಮೆಯವರಿಗೆ ಘಟ್ಟಕ್ಕಿಂತ ಹತ್ತಿರ. ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಿ ಮಾತ್ರ ಯಲ್ಲಮ್ಮನ ಗುಡ್ಡದ ಕಡೆ ಸೈಕಲ್ ಬೇಡ. ನಡೆದು ಬರುವ ಭಕ್ತರಿಗೂ ತೊಂದರೆ, ನಿಮಗೂ.

ಗಾಳಿಯೆಂಬ ಗುಡ್ಡ

ಯಾವ ಏರೂ ಸಿಗದಿದ್ದರೆ? ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಬಯಲಿನಲ್ಲಿ ಪಡುವಣ ಗಾಳಿ ಎಷ್ಟು ಜೋರಾಗಿ ಬೀಸುತ್ತದೆಂಬುದಕ್ಕೆ ಗದಗ, ಚಿತ್ರದುರ್ಗದ ದಿಬ್ಬಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳೇ ಸಾಕ್ಷಿ. ಗಂಟೆಗೆ 18 ಕಿ.ಮೀ. ಎದುರುಗಾಳಿಯಲ್ಲಿ ಅದೇ 18 ಕಿ.ಮೀ. ವೇಗ ಕಾಯ್ದುಕೊಂಡು ಸಾಗುವವರ ಶ್ರಮ, ಮೇಲೆ ಹೇಳಿದ ಶೇಕಡಾ 6ರ ಏರನ್ನು 12 ಕಿ.ಮೀ. ವೇಗದಲ್ಲಿ ಹತ್ತುವವರ ಶ್ರಮಕ್ಕೆ ಹೆಚ್ಚುಕಡಿಮೆ ಸಮ. ಡಚ್ಚರು ಇದನ್ನು ಆಟವನ್ನಾಗಿಯೇ ಮಾಡಿಕೊಂಡಿದ್ದಾರೆ. ಸಮುದ್ರದ ಅಲೆ ತಡೆಯಲು ಕಟ್ಟಿದ ಉದ್ದನೆಯ ಅಣೆಕಟ್ಟಿನ ಮೇಲೆ, ಬಿರುಗಾಳಿಯ ದಿನವನ್ನೇ ಕಾದು, ಗೇರ್ ಇಲ್ಲದ ಸಾದಾ ಸೈಕಲ್‌ಗಳಲ್ಲಿ 8.5 ಕಿ.ಮೀ. ಎದುರುಗಾಳಿ ಸ್ಪರ್ಧೆಯನ್ನು 2013ರಲ್ಲಿ ಆರಂಭಿಸಿದರು.

ನಮ್ಮಲ್ಲಿ ಮಾಡಬೇಕಾದದ್ದು ಇಷ್ಟೇ. ಅಡ್ಡರಸ್ತೆ, ಊರುಗಳು ಕಡಿಮೆಯಿರುವ ಒಂದು ದಾರಿ ಆರಿಸಿಕೊಳ್ಳಿ. ಏರಿಗೆ ಬೇಡವೆಂದ ಕಾಲುವೆಯ ರಸ್ತೆ ಸಾರ್ವಜನಿಕರಿಗೆ ತೆರೆದಿದ್ದರೆ ಇದಕ್ಕೆ ಹೊಂದುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ, ಬರುವಾಗ ಗಾಳಿಯ ಜತೆ. ಎದುರುಗಾಳಿಯಲ್ಲಿ ಮೊದಲು 10 ನಿಮಿಷ, ಬಳಿಕ 20, ಕೊನೆಗೆ 40 ನಿಮಿಷದವರೆಗೆ ಒಮ್ಮೆಯೂ ಪೆಡಲ್ ನಿಲ್ಲಿಸದೆ ತುಳಿಯಬೇಕು. ವೇಗದ ಕಡೆ ನೋಡಲೇಬೇಡಿ. ಕಾಲು ನಿಲ್ಲಬಾರದು ಎಂಬುದೊಂದೇ ನಿಯಮ. ನನ್ನ ದೃಷ್ಟಿಯಲ್ಲಿ ಸಣ್ಣ ಸೇತುವೆಯನ್ನು ಮೂವತ್ತು ಸಲ ಹತ್ತುವುದಕ್ಕಿಂತ ಇದು ಮೇಲು.

ಆದರೆ ಗಾಳಿ ಎಲ್ಲವನ್ನೂ ಕಲಿಸದು. ಏರಿನಲ್ಲಿ ಸೈಕಲ್ಲಿನ ಮೂತಿ ಮೇಲೇಳುತ್ತದೆ, ದೇಹ ಸೀಟಿನ ಹಿಂದಕ್ಕೆ ಜಾರುತ್ತದೆ, ಸೊಂಟ ಮತ್ತು ಬೆನ್ನಿಗೆ ಬೇರೆಯೇ ಕೆಲಸ ಬೀಳುತ್ತದೆ. ಗಾಳಿಯ ಎದುರು ನಮ್ಮ ತೂಕ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಏರಿನಲ್ಲಿ ಪ್ರತಿ ಕಿಲೋಗೂ ಲೆಕ್ಕವಿದೆ. ಹಾಗೆಂದು ಬೆಳೆಯುವ ಮಕ್ಕಳ ಊಟ ಕಡಿಮೆ ಮಾಡಿ ತೂಕ ಇಳಿಸುವ ಹುಚ್ಚಿಗೆ ಬೀಳಬಾರದು. ತಿನ್ನುವುದು ಕಡಿಮೆಯಾಗಿ ದುಡಿಮೆ ಹೆಚ್ಚಾದ ಹುಡುಗಿಯರಲ್ಲಿ ಮುಟ್ಟು ಏರುಪೇರಾಗುತ್ತದೆ, ಮೂಳೆ ಸವೆಯುತ್ತದೆ. ಅಭ್ಯಾಸದ ತಿಂಗಳುಗಳಲ್ಲಿ ಮುಟ್ಟು ನಿಂತುಹೋದರೆ ತಾಯಂದಿರು ಅದನ್ನು ಸಹಜವೆಂದು ಬಿಡದೆ ವೈದ್ಯರಿಗೆ ತಿಳಿಸಬೇಕು.

ಏದುಸಿರಿನ ಬೇರೆ ಕಾರಣ

ಈಗ ಆ ತಂದೆಯ ಎರಡನೆಯ ಪ್ರಶ್ನೆ. ಮಗಳ ಶರೀರ ತಕ್ಕುದಲ್ಲ ಎಂದು ತೀರ್ಮಾನಿಸುವ ಮೊದಲು ಒಂದು ಸಣ್ಣ ರಕ್ತಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಮಾಂಸಖಂಡಗಳಿಗೆ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಅದು ಬಯಲಿನ ಸವಾರಿಯಲ್ಲಿ ಗೊತ್ತಾಗದೆ ಹೋಗಬಹುದು. ನಡುನಡುವೆ ಸಿಗುವ ಬಿಡುವು ಕೊರತೆಯನ್ನು ಮುಚ್ಚಿಹಾಕುತ್ತದೆ. ಏರು ಬಂದಾಗ ಮುಚ್ಚುಮರೆಗೆ ಎಡೆಯಿಲ್ಲ. ಹುಡುಗಿಯರಲ್ಲಿ ಈ ಪ್ರಮಾಣ ಡೆಸಿಲೀಟರಿಗೆ 12 ಗ್ರಾಮಿಗಿಂತ ಕಡಿಮೆಯಿದ್ದರೆ ಬೇಕಾದದ್ದು ಗುಡ್ಡವಲ್ಲ, ಚಿಕಿತ್ಸೆ. ಕ್ರೀಡಾಪಟುಗಳಲ್ಲಿ ಹಿಮೋಗ್ಲೋಬಿನ್ ಸರಿಯಿದ್ದೂ ಶರೀರದ ಕಬ್ಬಿಣದ ದಾಸ್ತಾನು ಬರಿದಾಗಿರುವುದುಂಟು. ವೈದ್ಯರು ಸೂಚಿಸಿದರೆ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಬೇಕಾಗುತ್ತದೆ. ಕಬ್ಬಿಣದ ಮಾತ್ರೆ ನುಂಗಿದ ಕೂಡಲೇ ಚಹಾ ಕುಡಿದರೆ ಮಾತ್ರೆಯ ಸತ್ವ ರಕ್ತಕ್ಕೆ ಸೇರುವುದು ಕಡಿಮೆ. ನಿಂಬೆ ಪಾನಕದ ಜತೆ ತೆಗೆದುಕೊಂಡರೆ ಅನುಕೂಲ. ಕೊರತೆ ತುಂಬಲು ಎರಡು ಮೂರು ತಿಂಗಳು ಹಿಡಿಯುತ್ತದೆ, ಅಷ್ಟರಲ್ಲಿ ಹುಡುಗಿಯನ್ನು ಸೋಮಾರಿಯೆಂದು ಗದರಿಸಬೇಡಿ.

ಧೂಳಿನ ರಸ್ತೆಯಲ್ಲಿ ಏರು ಹತ್ತಿದ ಮೇಲೆ ಕೆಮ್ಮು, ಎದೆಯಲ್ಲಿ ಸಿಳ್ಳೆಯಂತಹ ಸದ್ದು ಬಂದರೆ ಅದು ಉಬ್ಬಸದ ಸೂಚನೆಯಾಗಿರಬಹುದು. ಅದಕ್ಕೂ ಒಳ್ಳೆಯ ಔಷಧಿಗಳಿವೆ.

ನಲವತ್ತು ದಾಟಿದವರ ವಿಚಾರ ಬೇರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟಿನ ಚಟ, ಮನೆತನದಲ್ಲಿ ಹೃದ್ರೋಗ ಇವುಗಳಲ್ಲಿ ಯಾವುದಿದ್ದರೂ ಏರಿನ ಅಭ್ಯಾಸಕ್ಕೆ ಮೊದಲು ವೈದ್ಯರನ್ನು ಕಾಣಲೇಬೇಕು. ಎಷ್ಟು ಶ್ರಮ ಸರಿ ಎಂದು ತಿಳಿಯಲು ಮಾತೇ ಅಳತೆ. ಹತ್ತುತ್ತಾ ಪಕ್ಕದವರೊಡನೆ ಪೂರ್ತಿ ವಾಕ್ಯ ಆಡಲು ಬಂದರೆ ಹಿತಮಿತ. ಎರಡು ಮೂರು ಶಬ್ದಕ್ಕೇ ಉಸಿರು ಕಟ್ಟಿದರೆ ಅದು ಸ್ಪರ್ಧಾಳುಗಳ ಮಟ್ಟ, ನಿಮ್ಮದಲ್ಲ. ನಾಡಿ ಎಣಿಸುವವರು ಒಂದು ಮಾತು ನೆನಪಿಡಬೇಕು. ರಕ್ತದೊತ್ತಡಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್ ಮುಂತಾದ ಮಾತ್ರೆ ಸೇವಿಸುವವರ ನಾಡಿ ಶ್ರಮ ಹೆಚ್ಚಾದರೂ ಅಷ್ಟಾಗಿ ಏರುವುದಿಲ್ಲ. ಎಣಿಕೆ ಕಡಿಮೆಯಿದೆಯೆಂದು ಇನ್ನಷ್ಟು ತುಳಿದರೆ ಅಪಾಯ. ಇನ್ಸುಲಿನ್ ಇಲ್ಲವೇ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಒಮ್ಮೆಗೇ ಇಳಿದು ಬೆವರು, ನಡುಕ, ಮಂಪರು ಬರಬಹುದು. ಅವರ ಜೇಬಿನಲ್ಲಿ ಗ್ಲೂಕೋಸ್ ಇಲ್ಲವೇ ಬೆಲ್ಲ ಇರಲಿ, ಒಂಟಿಯಾಗಿ ಹೋಗುವುದು ಬೇಡ. ಎದೆಯಲ್ಲಿ ಬಿಗಿತ, ದವಡೆಗೋ ಎಡಗೈಗೋ ಹರಡುವ ನೋವು, ತಲೆಸುತ್ತು ಕಂಡರೆ ಅಲ್ಲೇ ಇಳಿದು ಕೂರಬೇಕು, ತಡಮಾಡದೆ ಆಸ್ಪತ್ರೆ ಸೇರಬೇಕು. ಗ್ಯಾಸ್ ಇರಬಹುದೆಂದು ಸೋಡಾ ಕುಡಿದು ಮತ್ತೆ ಹತ್ತಿದವರು ನಮ್ಮಲ್ಲಿ ಬೇಕಾದಷ್ಟು ಜನ.

ಮಂಡಿ, ನೀರು, ಇಳಿಜಾರು

ಏರಿನಲ್ಲಿ ಭಾರದ ಗೇರ್ ಹಾಕಿ ಬಲವಂತವಾಗಿ ತುಳಿಯುವವರ ಮಂಡಿಚಿಪ್ಪಿನ ಸುತ್ತ ನೋವು ಶುರುವಾಗುತ್ತದೆ. ಮುಂದೆ ಸಣ್ಣ ಚೈನ್‌ವೀಲ್, ಹಿಂದೆ ದೊಡ್ಡ ಹಲ್ಲುಚಕ್ರಕ್ಕೆ ಸರಪಳಿ ಬರುವಂತೆ ಮಾಡಿ, ನಿಮಿಷಕ್ಕೆ 60-70 ಸುತ್ತಾದರೂ ಪೆಡಲ್ ತಿರುಗುವಂತಿರಬೇಕು. ಏರು ಬಂದ ಮೇಲೆ ಗೇರ್ ಬದಲಿಸಲು ಒದ್ದಾಡದೆ ಬರುವ ಮೊದಲೇ ಬದಲಿಸಿ. ಗೇರ್ ಇಲ್ಲದ ಸೈಕಲ್ಲಾದರೆ ಕಡಿದಾದ ಕಡೆ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಅವಮಾನವೇನಿಲ್ಲ. ಸೀಟಿನ ಎತ್ತರ ನೋಡಲು ಸುಲಭ ಉಪಾಯವಿದೆ. ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಮಂಡಿಯ ಮುಂಭಾಗ ನೋಯುತ್ತಿದ್ದರೆ ಹೆಚ್ಚಾಗಿ ಸೀಟು ತಗ್ಗಿದೆ, ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿದೆ.

ನಿಧಾನವಾಗಿ ಹತ್ತುವಾಗ ಮೈಗೆ ಗಾಳಿ ತಾಗುವುದಿಲ್ಲ, ಬೆವರು ಆರುವುದಿಲ್ಲ. ಬಯಲುಸೀಮೆಯ ಮಾರ್ಚ್‌ನಿಂದ ಮೇ ತಿಂಗಳವರೆಗಿನ ಬಿಸಿಲಿನಲ್ಲಿ ಬೆಳಿಗ್ಗೆ 8ರೊಳಗೆ ಅಭ್ಯಾಸ ಮುಗಿಯಬೇಕು. ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ನೀರು ಬೇಕಾಗುತ್ತದೆ. ಒಂದು ಗಂಟೆ ಮೀರಿದರೆ ಉಪ್ಪು ಹಾಕಿದ ನೀರುಮಜ್ಜಿಗೆ ಅಥವಾ ಓ.ಆರ್.ಎಸ್. ಒಳ್ಳೆಯದು. ಬೆವರು ನಿಂತು ಮೈ ಸುಡತೊಡಗಿದರೆ, ಮಾತು ತೊದಲಿದರೆ ನೆರಳಿಗೆ ಮಲಗಿಸಿ ಮೈಗೆಲ್ಲ ನೀರು ಸುರಿದು ಆಸ್ಪತ್ರೆಗೆ ಒಯ್ಯಬೇಕು.

ಬಯಲಿನವರು ಹತ್ತುವುದನ್ನಷ್ಟೇ ಯೋಚಿಸಿ ಇಳಿಯುವುದನ್ನು ಮರೆಯುತ್ತಾರೆ. ಆದರೆ ಅಭ್ಯಾಸವಿಲ್ಲದವರಿಗೆ ದೊಡ್ಡ ಅಪಾಯ ಇಳಿಯುವಾಗಲೇ. ಮೊದಲ ಸಲ ಘಟ್ಟ ಇಳಿಯುವವರು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, ಎರಡೂ ಬ್ರೇಕುಗಳ ರಬ್ಬರ್ ಸವೆದಿಲ್ಲವೆಂದು ನೋಡಿಕೊಂಡು ಹೊರಡಬೇಕು. ತಿರುವಿಗೆ ಮೊದಲೇ ವೇಗ ಇಳಿಸಬೇಕು, ತಿರುವಿನ ನಡುವೆ ಬ್ರೇಕ್ ಅದುಮಿದರೆ ಚಕ್ರ ಜಾರುತ್ತದೆ. ಮುಂದಿನ ಬ್ರೇಕನ್ನೊಂದೇ ಗಟ್ಟಿಯಾಗಿ ಹಿಡಿಯಬಾರದು. ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿದರೆ ರಿಮ್ಮು ಕಾದು ಟ್ಯೂಬು ಸಿಡಿಯುವ ಸಂಭವ ಉಂಟು. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು. ಕೈ ಬೆರಳು ಸೋತರೆ ರಸ್ತೆಯ ಬದಿಗೆ ಬಂದು ಎರಡು ನಿಮಿಷ ನಿಂತುಕೊಳ್ಳಿ. ಊರ ಹತ್ತಿರದ ಆ ಒಂದು ಕಿಲೋಮೀಟರ್ ಏರನ್ನು ಹತ್ತು ಸಲ ಹತ್ತುವವರಿಗೆ ಹತ್ತು ಸಲ ಇಳಿಯುವ ಅಭ್ಯಾಸವೂ ಆಗುತ್ತದೆ.